ಹಳದಿ ಗೆರೆಯ ಮೂಲೆ

ಹೌಗಾಂಗ್, ಸಿಂಗಪುರ
ಫೆಬ್ರವರಿ 9, 2025

ಮೈಥಿಲಿಯ ಅಪ್ಪನಿಗೆ,

ಮದುವೆಯಾದಾಗಿನಿಂದ ನಿಮಗೆ ನಾನು ಬರೆಯುತ್ತಿರುವ ಮೊದಲ ಕಾಗದ ಇದು. ಇಷ್ಟು ವರ್ಷ ಬರೆಯುವ ಅಗತ್ಯ ಬೀಳಲಿಲ್ಲ. ಬೈಯಬೇಕಾದರೆ ಅಡುಗೆಮನೆಯಿಂದ ಕೂಗಿದರೆ ಸಾಕಿತ್ತು. ಈಗ ನಡುವೆ ಸಮುದ್ರವಿದೆ. ಫೋನಿದೆಯಲ್ಲ ಎನ್ನಬೇಡಿ. ಇಲ್ಲಿ ಮಗಳು ಸ್ಪೀಕರಿಗೆ ಹಾಕುತ್ತಾಳೆ, ಅಲ್ಲಿ ನಮ್ಮ ಪ್ರತಾಪನ ಹೆಂಡತಿ ವರ್ಷಾನೂ ಸ್ಪೀಕರಿಗೆ ಹಾಕುತ್ತಾಳೆ. ಎರಡು ಮನೆಯವರು ಕಿವಿ ಕೊಟ್ಟು ಕೂತಿರುವಾಗ ಗಂಡನಿಗೆ ಬೈಯುವುದು ಹೇಗೆ? ನೀವಂತೂ "ಹೂಂ, ಸರಿ, ಇಡ್ತೀನಿ" ಎಂದು ಮುಗಿಸುತ್ತೀರಿ, ಕೈ ಅಡ್ಡ ಹಾಕಿದವರನ್ನು ಬಿಟ್ಟು ಬಸ್ಸು ಓಡಿಸಿದ ಹಾಗೆ. ರಿಟೈರಾದ ಮೇಲೂ ಆ ಬುದ್ಧಿ ಹೋಗಲಿಲ್ಲ.

ಆದ್ದರಿಂದ ಕಾಗದ. ನಾಲ್ಕನೇ ಕ್ಲಾಸಿನ ಅಕ್ಷರ, ತಪ್ಪಿದ್ದರೆ ನೀವೇ ತಿದ್ದಿಕೊಳ್ಳಿ.

ಬಾಣಂತಿ ಚೆನ್ನಾಗಿದ್ದಾಳೆ. ಮಗು ನಿಮ್ಮ ಹಾಗೆ ಹುಬ್ಬು ಗಂಟಿಕ್ಕಿಕೊಂಡು ಮಲಗುತ್ತದೆ, ಯಾರೋ ಓವರ್‌ಟೇಕ್ ಮಾಡಿ ಹೋದರು ಅನ್ನುವ ಹಾಗೆ. ದೊಡ್ಡವಳು ಪ್ರಣತಿಗೆ ತಮ್ಮ ಬಂದ ಖುಷಿ ಒಂದು ವಾರ ಇತ್ತು, ಈಗ ವಾಪಸು ಕೊಡುವುದು ಯಾವಾಗ ಎಂದು ಕೇಳುತ್ತಿದ್ದಾಳೆ. ಮೂರನೇ ತಿಂಗಳಿಗೆ, ಏಪ್ರಿಲ್ ಕೊನೆಯಲ್ಲಿ ನಾಮಕರಣ ಇಟ್ಟುಕೊಂಡಿದ್ದಾರೆ. ನೀವು ಬರಬೇಕು. ಅಳಿಯಂದಿರ ತಂದೆ ದ್ವಾರಕನಾಥರು ತೀರಿಕೊಂಡ ಮೇಲೆ ಈ ಮಗುವಿಗೆ ಉಳಿದಿರುವ ಅಜ್ಜ ನೀವೊಬ್ಬರೇ. ಬದರಿ ತಾವಾಗಿಯೇ ಅಂದರು: "ಮಾವ ಬಂದ್ರೆ ಅವರ ತೊಡೆ ಮೇಲೇ ಮಲಗಿಸಿ ಹೆಸರಿಡೋಣ ಅತ್ತೆ." ಅಷ್ಟು ಹೇಳಿ ಬೇರೆ ಕಡೆ ನೋಡಿದರು. ನಿಮ್ಮ ಮುಂದೆ ನಿಂತು ಕರೆಯಲು ಅವರಿಗೆ ಸಂಕೋಚ, ಅವರ ಹತ್ತಿರ ಮಾತಾಡಲು ನಿಮಗೆ ಸಂಕೋಚ. ಹನ್ನೊಂದು ವರ್ಷದಿಂದ "ಊಟ ಆಯ್ತಾ" ಬಿಟ್ಟು ನೀವಿಬ್ಬರೂ ಬೇರೆ ಮಾತಾಡಿದ್ದನ್ನು ನಾನು ಕೇಳಿಲ್ಲ.

ಟಿಕೆಟ್ ಅವರೇ ಮಾಡಿಸುತ್ತಾರೆ. ಒಪ್ಪಿದೆ ಎಂದು ಬರೆಯಿರಿ.

ನಿಮ್ಮ ಮನೆಯವಳು,
ಕೌಸಲ್ಯಾ

---

ಅರಸೀಕೆರೆ
ಫೆಬ್ರವರಿ 20, 2025

ಮೈಥಿಲಿಯ ಅಮ್ಮನಿಗೆ,

ಕಾಗದ ಬಂತು. ಪೋಸ್ಟ್‌ಮನ್ ವಿದೇಶದ ಸ್ಟಾಂಪು ನೋಡಿ ಯಾರೋ ತೀರಿಹೋದರೇನೋ ಎಂದು ಮೆಲ್ಲಗೆ ಕೊಟ್ಟ.

ಬರಲು ಆಗುವುದಿಲ್ಲ. ಮಂಡಿ ನೋವಿದೆ. ಬೇಸಿಗೆಗೆ ನೀರಿನ ಟ್ಯಾಂಕರ್ ಬಂದಾಗ ಪ್ರತಾಪ ಅಂಗಡಿಯಲ್ಲಿರುತ್ತಾನೆ, ಪೈಪು ಹಿಡಿಯಲು ಮನೆಯಲ್ಲಿ ಗಂಡಸು ಬೇಕು. ವಿಮಾನ ಬೇರೆಯವರು ಓಡಿಸುವುದು. ನನಗೆ ಹಿಂದೆ ಕೂತು ಅಭ್ಯಾಸವಿಲ್ಲ.

ನಾಮಕರಣ ಚೆನ್ನಾಗಿ ಆಗಲಿ. ಫೋಟೋ ಕಳಿಸಿ.

ಪದ್ಮನಾಭ

---

ಹೌಗಾಂಗ್
ಮಾರ್ಚ್ 2, 2025

ಮಂಡಿನೋವಿನವರಿಗೆ,

ಆ ಮಂಡಿ ದಿನವೂ ಡಿಪೋ ಹಿಂದಿನ ಗೋಡೆಯವರೆಗೆ ಹೋಗಿಬರುತ್ತದೆ ಎಂದು ವರ್ಷಾ ಹೇಳಿದಳು. ಅಲ್ಲಿ ನಿಮ್ಮ ಗೆಳೆಯ ಮಧ್ವೇಶನ ಜೊತೆ ನಿಂತು ಬೀಡಿ ಸೇದುವಾಗ ನೋಯದ ಮಂಡಿ, ಕೂತು ಬರುವ ವಿಮಾನದಲ್ಲಿ ನೋಯುತ್ತದೆಯೇ? ಟ್ಯಾಂಕರ್ ಪೈಪನ್ನು ನೀವು ಮುಟ್ಟಿದ್ದನ್ನು ನಾನು ನೋಡಿಲ್ಲ.

ನಿಮ್ಮ ಕಾರಣ ನನಗೆ ಗೊತ್ತು. ಸಿಂಗಪುರದಲ್ಲಿ ಬೀಡಿ ಹಚ್ಚಿದರೆ ದಂಡ ಹಾಕುತ್ತಾರೆ ಎಂದು ಯಾರೋ ನಿಮ್ಮ ತಲೆಗೆ ತುಂಬಿದ್ದಾರೆ. ನಿಜವೇ, ಹಾಕುತ್ತಾರೆ. ಲಿಫ್ಟಿನಲ್ಲಿ ಇಲ್ಲ, ಮೆಟ್ಟಿಲಲ್ಲಿ ಇಲ್ಲ, ಮನೆ ಮುಂದಿನ ಓಡಾಡುವ ಜಾಗದಲ್ಲಿ ಇಲ್ಲ. ಕಟ್ಟಡದ ಕೆಳಗೆ ಕಂಬಗಳ ನಡುವೆ ಖಾಲಿ ಬಿಟ್ಟಿರುವ ಜಾಗಕ್ಕೆ ವಾಯ್ಡ್ ಡೆಕ್ ಎನ್ನುತ್ತಾರೆ, ಮುದುಕರೆಲ್ಲ ಅಲ್ಲಿ ಕೂರುತ್ತಾರೆ, ಅಲ್ಲೂ ಇಲ್ಲ. ಬಸ್‌ ಸ್ಟಾಪಿನಲ್ಲಿ ಇಲ್ಲ. ಹೋಟೆಲಿನಲ್ಲಿ ಕೇಳುವುದೇ ಬೇಡ. ಇಷ್ಟು ವರ್ಷ ನಾನು ಬೈದೂ ಬೈದೂ ಆಗದ್ದನ್ನು ಈ ಸರ್ಕಾರ ಒಂದು ಬೋರ್ಡು ನೇತುಹಾಕಿ ಮಾಡಿಸಿಬಿಟ್ಟಿದೆ. ನನಗೆ ಸಂತೋಷವೂ ಆಯಿತು, ಹೊಟ್ಟೆಯುರಿಯೂ ಆಯಿತು. ಇಲ್ಲಿ ಬಸ್ಸು ಕಾಯುವಾಗ ಸೆರಗಿನಿಂದ ಮೂಗು ಮುಚ್ಚಬೇಕಾಗಿಲ್ಲ. ಮೊದಮೊದಲು ಅಭ್ಯಾಸಕ್ಕೆ ಮುಚ್ಚಿಕೊಳ್ಳುತ್ತಿದ್ದೆ, ಪಕ್ಕದಲ್ಲಿ ನಿಂತಿದ್ದ ಚೀನೀ ಹೆಂಗಸು ತನ್ನ ಮೈ ಏನಾದರೂ ವಾಸನೆ ಬರುತ್ತಿದೆಯೋ ಎಂದು ದೂರ ಸರಿದಳು. ಅವಳಿಗೆ ಅದು ನಮ್ಮೂರಿನ ಅಭ್ಯಾಸ ಎಂದು ಹೇಳಲು ನನಗೆ ಭಾಷೆ ಬರಲಿಲ್ಲ.

ಮನೆಯೊಳಗೆ ಸೇದಬಹುದಂತೆ. ಕಾನೂನು ಬಿಡುತ್ತದೆ, ನಾನು ಬಿಡುವುದಿಲ್ಲ. ಹಸುಗೂಸಿರುವ ಮನೆ.

ಈಗ ನನ್ನ ಗ್ರಹಚಾರ ನೋಡಿ. ಹೆಂಡತಿಯಾಗಿ ಇಷ್ಟು ವರ್ಷ ನಿಮ್ಮ ಬೀಡಿ ಕಟ್ಟು ಬಚ್ಚಿಟ್ಟವಳು, ಇಲ್ಲಿ ನೀವು ಸೇದಲು ಜಾಗ ಹುಡುಕಿಕೊಂಡು ಬೀದಿ ಬೀದಿ ಅಲೆಯುತ್ತಿದ್ದೇನೆ. ಪಾರ್ಕಿನಲ್ಲಿ ಒಂದು ಮರ ನೋಡಿದೆ, ಚೆನ್ನಾಗಿತ್ತು, ನೆರಳಿತ್ತು. ಪ್ರಣತಿ ಬೋರ್ಡು ಓದಿ, ಇಲ್ಲಿಯವರ ಇಂಗ್ಲಿಷಿನಲ್ಲಿ, "ಪಾರ್ಕ್ ಆಲ್ಸೋ ಕೆನಾಟ್ ಲಾ, ಅಜ್ಜಿ. ನೀವು ಸ್ಮೋಕ್ ಮಾಡ್ತೀರಾ?" ಎಂದು ಕೇಳಿದಳು. ದಾರಿಯಲ್ಲಿ ಹೋಗುತ್ತಿದ್ದ ತಮಿಳಿನವರೊಬ್ಬರು ತಿರುಗಿ ನೋಡಿದರು. ನಿಮ್ಮಿಂದಾಗಿ ಈ ವಯಸ್ಸಿನಲ್ಲಿ ಇದೂ ಆಯಿತು.

ಜಾಗ ಸಿಕ್ಕಿದರೆ ಬರುತ್ತೀರೋ ಇಲ್ಲವೋ, ನೇರವಾಗಿ ಬರೆಯಿರಿ.

ಕೌಸಲ್ಯಾ

---

ಅರಸೀಕೆರೆ
ಮಾರ್ಚ್ 13, 2025

ಕೌಸಲ್ಯಾ,

ನಾನು ಬರುವುದಿಲ್ಲ ಎಂದು ಮೊದಲೇ ಬರೆದಿದ್ದೇನೆ. ಆದರೂ ತಿಳಿದುಕೊಳ್ಳೋಣವೆಂದು ಕೇಳುತ್ತೇನೆ. ಸೇದಲು ಬಿಡುವ ಜಾಗ ಎಂದರೆ ಅದಕ್ಕೆ ಸೂರಿದೆಯೇ? ರಸ್ತೆಗೆ ಕಾಣುತ್ತದೆಯೇ? ಮನೆಯ ಕಿಟಕಿಯಿಂದ ಕಾಣುತ್ತದೆಯೇ? ಮಧ್ವೇಶನ ಮಗ ಅಲ್ಲಿಗೆ ಹೋಗಿಬಂದವನು, ನೆಲಕ್ಕೆ ಹಳದಿ ಗೆರೆ ಎಳೆದು ಸೇದುವವರನ್ನೆಲ್ಲ ಅದರೊಳಗೆ ನಿಲ್ಲಿಸುತ್ತಾರೆ ಎಂದ. ಊರೆಲ್ಲ ನೋಡುವ ಹಾಗೆ. ನಿಜವೇ?

ನೇರವಾಗಿ ಬರೆಯಿರಿ ಎಂದು ನೀನು ಕೇಳಿದೆ. ಬರೆಯುತ್ತೇನೆ. ದಂಡಕ್ಕೆ ಹೆದರಿದವನಲ್ಲ ನಾನು. ಹೆಣ್ಣು ನೋಡಲು ಬಂದ ದಿನ ನಾನು ದ್ವಾರಕನಾಥರನ್ನು, "ಹುಡುಗನಿಗೆ ಸಿಗರೇಟು ಗಿಗರೇಟು ಏನೂ ಇಲ್ಲವಷ್ಟೆ?" ಎಂದು ಕೇಳಿದೆ. "ನಮ್ಮ ಮನೇಲಿ ಯಾರೂ ಮುಟ್ಟಲ್ಲ. ನಿಮ್ಮಲ್ಲಿ?" ಎಂದರು. "ನಮ್ಮಲ್ಲೂ ಇಲ್ಲ" ಎಂದೆ. ಜೇಬಿನಲ್ಲಿ ಕಟ್ಟು ಇತ್ತು. ನೀನು ಕಾಫಿ ತಟ್ಟೆ ಹಿಡಿದು ಪಕ್ಕದಲ್ಲೇ ನಿಂತಿದ್ದೆ, ನಿನ್ನ ಮುಖ ನನಗೆ ಇನ್ನೂ ನೆನಪಿದೆ. ಅವತ್ತಿನಿಂದ ಅಳಿಯಂದಿರ ಕಣ್ಣಿಗೆ ನಾನು ಯಾವ ಅಭ್ಯಾಸವೂ ಇಲ್ಲದವನು. ಅವರು ಅರಸೀಕೆರೆಗೆ ಬಂದಾಗಲೆಲ್ಲ ಮಧ್ವೇಶನಿಗೆ ಹುಷಾರಿಲ್ಲ ಎಂದು ಹೇಳಿ ಡಿಪೋ ಕಡೆಗೆ ಹೋಗುತ್ತೇನೆ. ಹೋದ ಸಲ ಅವರು, "ಪಾಪ, ಮಧ್ವೇಶ್ ಅಂಕಲ್ ಇನ್ನೂ ಹುಷಾರಾಗ್ಲಿಲ್ವಾ ಮಾವ?" ಎಂದರು.

ಇಲ್ಲಿ ನನಗೆ ಗೋಡೆಯಿದೆ. ಅಲ್ಲಿ ಗೆರೆ ಮಾತ್ರ. ಕಾಲಿಗೆ ಬೀಳುವ ಅಳಿಯನ ಮುಂದೆ ಹಾಗೆ ನಿಲ್ಲುವುದು ನನ್ನಿಂದ ಆಗುವುದಿಲ್ಲ. ಸೇದದೆ ಇರಲೂ ಆಗುವುದಿಲ್ಲ. ಅದಕ್ಕೇ ಬೇಡ ಎಂದೆ.

ಪದ್ಮನಾಭ

---

ಹೌಗಾಂಗ್
ಮಾರ್ಚ್ 24, 2025

ಮೈಥಿಲಿಯ ಅಪ್ಪನಿಗೆ,

ಬೈಯಬೇಕೆಂದೇ ಪೆನ್ನು ಹಿಡಿದೆ, ನಿಮ್ಮ ಕಾಗದ ಇನ್ನೊಮ್ಮೆ ಓದಿ ಆ ಯೋಚನೆ ಬಿಟ್ಟೆ. ಮಧ್ವೇಶನಿಗೆ ನೀವು ಹಚ್ಚಿದ ಕಾಯಿಲೆಗಳನ್ನು ಎಣಿಸಿದರೆ ಪಾಪ ಅವನು ಎಂದೋ ಹೋಗಬೇಕಿತ್ತು.

ಜಾಗ ಸಿಕ್ಕಿದೆ. ನಮ್ಮ ಕಟ್ಟಡದ ಎದುರಿಗೆ ಸಣ್ಣ ರಸ್ತೆ ದಾಟಿದರೆ ಹಳೆಯ ಕಾಫಿ ಶಾಪಿದೆ. ಒಂದೇ ಸೂರಿನಡಿ ಐದಾರು ಅಂಗಡಿ, ನಡುವೆ ಮೇಜು. ಅದರ ಹೊರಮೂಲೆಯಲ್ಲಿ ನೆಲಕ್ಕೆ ಹಳದಿ ಗೆರೆ ಎಳೆದಿದ್ದಾರೆ. ಗೆರೆಯೊಳಗೆ ನಾಲ್ಕಾರು ಮೇಜು ಇವೆ, ಅಲ್ಲಿ ಕೂತು ಸೇದಬಹುದು. ಹೊತ್ತಿಸಿಕೊಂಡು ಗೆರೆ ದಾಟಿದರೆ ದಂಡ. ಸೂರಿದೆ. ರಸ್ತೆಗೆ ಕಾಣುತ್ತದೆ. ನಮ್ಮ ಅಡುಗೆಮನೆಯ ಕಿಟಕಿಯಿಂದಲೂ ಕಾಣುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ಆ ಕಿಟಕಿಯಲ್ಲಿ ನಿಲ್ಲುವವಳು ನಾನೊಬ್ಬಳೇ.

ಜಾಗ ನೋಡಿಬರಲು ನಾನೇ ಹೋಗಿದ್ದೆ, ಸಂಜೆ ಹೊತ್ತು. ಗೆರೆಯೊಳಗೆ ಕೂತಿದ್ದವರಲ್ಲಿ ಒಬ್ಬರು ನನ್ನನ್ನು ಕಂಡದ್ದೇ ತಡ, ಎದ್ದು ನಿಂತರು. ಸಿಗರೇಟು ಬೆನ್ನ ಹಿಂದೆ ಹೋಯಿತು. ಆಮೇಲೆ ಹತ್ತಿರ ಬಂದು, ಯಾರಿಗೂ ಹೇಳಬೇಡಿ, ಮುಖ್ಯವಾಗಿ ಒಬ್ಬರಿಗೆ ಹೇಳಲೇಬೇಡಿ ಎಂದು ಕೈಮುಗಿದರು. ಮಾತು ಕೊಟ್ಟಿದ್ದೇನೆ. ಯಾರು ಎಂದು ನೀವೂ ಕೇಳಬೇಡಿ.

ಈಗ ನಾನು ಹೇಳುವ ಏರ್ಪಾಡು ಕೇಳಿ. ಬದರಿ ಬೆಳಗ್ಗೆ ಕಂಪನಿ ಬಸ್ಸಿನಲ್ಲಿ ಜುರಾಂಗ್ ಐಲ್ಯಾಂಡಿಗೆ ಹೋಗುತ್ತಾರೆ. ಅಲ್ಲಿ ಎಲ್ಲ ಎಣ್ಣೆ ಕಾರ್ಖಾನೆಗಳು. ಕಡ್ಡಿಪೆಟ್ಟಿಗೆ ಕೂಡ ಒಳಗೆ ಒಯ್ಯುವಂತಿಲ್ಲವಂತೆ, ಹಗಲೆಲ್ಲ ಹಾಗೇ ಇರಬೇಕಂತೆ ಪಾಪ. ಬಸ್ಸು ಅವರನ್ನು ತಂದು ಇಳಿಸುವುದು ಸಂಜೆ. ಇಳಿದವರು ಮನೆಗೆ ಬರುವುದು ಸ್ವಲ್ಪ ತಡವಾಗುತ್ತದೆ, ಏಲಕ್ಕಿ ಜಗಿಯುತ್ತ ಬರುತ್ತಾರೆ, ಬಂದವರೇ ಸ್ನಾನಕ್ಕೆ ಹೋಗುತ್ತಾರೆ. ಜೀರ್ಣಕ್ಕೆ ಒಳ್ಳೆಯದು ಅತ್ತೆ ಎನ್ನುತ್ತಾರೆ, ಇರಬಹುದು. ಆದ್ದರಿಂದ ಹಗಲೆಲ್ಲ ಆ ಮೂಲೆ ನಿಮ್ಮದು. ಸಂಜೆ ಬಸ್ಸು ಬರುವ ಹೊತ್ತಿಗೆ ಮಾತ್ರ ಅತ್ತ ಕಡೆ ತಲೆ ಹಾಕಬೇಡಿ. ಯಾಕೆ ಎಂದು ಕೇಳಬೇಡಿ.

ಬೀಡಿ ಕಟ್ಟು ಚೀಲದಲ್ಲಿ ಬಚ್ಚಿಟ್ಟು ತರಬೇಡಿ, ವಿಮಾನ ನಿಲ್ದಾಣದಲ್ಲಿ ಹಿಡಿಯುತ್ತಾರೆ. ಇಲ್ಲಿ ಸಿಗರೇಟು ಸಿಗುತ್ತದೆ, ಬಾಗಿಲು ಮುಚ್ಚಿದ ಕಪಾಟಿನಿಂದ ತೆಗೆದುಕೊಡುತ್ತಾರೆ, ಪೊಟ್ಟಣದ ಮೇಲೆ ಕೊಳೆತ ಶ್ವಾಸಕೋಶದ ಚಿತ್ರ. ನೋಡಿ ಪುಣ್ಯ ಬರಲಿ.

ಇನ್ನು ನನ್ನ ಕಾನೂನು. ಆ ಮೂಲೆಯಿಂದ ಬಂದವರು ಬಾಯಿ ಮುಕ್ಕಳಿಸಿ, ತಲೆಗೆ ನೀರು ಹಾಕಿಕೊಂಡು, ಒಗೆದ ಬಟ್ಟೆ ಉಟ್ಟೇ ಮಗುವನ್ನು ಮುಟ್ಟಬೇಕು. ಇದಕ್ಕೆ ದಂಡವಿಲ್ಲ, ನಾನಿದ್ದೇನೆ.

ಕೌಸಲ್ಯಾ

---

ಅರಸೀಕೆರೆ
ಏಪ್ರಿಲ್ 3, 2025

ಕೌಸಲ್ಯಾ,

ಮಂಡಿ ಸ್ವಲ್ಪ ವಾಸಿ. ಟ್ಯಾಂಕರ್ ಪೈಪಿಗೆ ಪ್ರತಾಪ ಯಾರನ್ನೋ ಗೊತ್ತು ಮಾಡಿದ್ದಾನೆ.

ಟಿಕೆಟ್ ಮಾಡಿಸಲು ಹೇಳು. ಮಗುವಿಗೆ ಬೆಳ್ಳಿ ಉಡಿದಾರ ತರುತ್ತೇನೆ. ಸಂಜೆ ಹೊತ್ತು ಆ ಕಡೆ ಹೋಗುವುದಿಲ್ಲ, ಕಾರಣ ಕೇಳುವುದಿಲ್ಲ.

ಪದ್ಮನಾಭ

---

ಹೌಗಾಂಗ್
ಜೂನ್ 1, 2025

ಮೈಥಿಲಿಯ ಅಪ್ಪನಿಗೆ,

ಸುಖವಾಗಿ ತಲುಪಿದಿರಿ ಎಂದು ವರ್ಷಾ ಹೇಳಿದಳು. ನೀವು ಹೋದ ಮೇಲೆ ಸುಹಾಸ ಎರಡು ದಿನ ಅತ್ತ. ಅವನ ಹೆಸರನ್ನು ನೀವು ಅವನ ಕಿವಿಯಲ್ಲಿ ಅಷ್ಟು ಗಟ್ಟಿಯಾಗಿ ಹೇಳಿದಿರಲ್ಲ, ಬಸ್ಸಿನಲ್ಲಿ ಊರಿನ ಹೆಸರು ಕೂಗಿದ ಹಾಗೆ, ಅದು ಅವನಿಗೆ ಹಿಡಿಸಿರಬೇಕು. ನಾವು ಮೆಲ್ಲಗೆ ಕರೆದರೆ ತಿರುಗುವುದೇ ಇಲ್ಲ.

ಎಲ್ಲ ಚೆನ್ನಾಗಿ ನಡೆಯಿತು. ನಾಮಕರಣಕ್ಕೆ ಬಂದವರೆಲ್ಲ ಅಜ್ಜ ಗಂಭೀರ ಮನುಷ್ಯ ಎಂದರು. ನನಗೆ ಮಾತ್ರ ಒಂದು ಮುಳ್ಳು ಉಳಿದಿದೆ. ಮನೆ ಚಿಕ್ಕದು, ಎಲ್ಲರ ಕಿವಿಗೂ ಬೀಳುತ್ತದೆ ಎಂದು ನೀವಿದ್ದಾಗ ಕೇಳಲಿಲ್ಲ.

ಅಳಿಯಂದಿರ ಜೊತೆ ನಿಮ್ಮದು ಏನು ಜಗಳ?

ನಾನು ಕಿಟಕಿಯಿಂದ ನೋಡಿದ್ದೇನೆ. ಸಂಜೆ ಹೊತ್ತು ಹೋಗಬೇಡಿ ಎಂದು ಕೈಮುಗಿದು ಹೇಳಿದ್ದೆ. ಒಂದೆರಡು ವಾರ ಹೇಳಿದಂತೆ ಕೇಳಿದಿರಿ. ಆಮೇಲೆ ಒಂದು ಸಂಜೆ ಹಾಲು ಕಾಯಿಸುತ್ತ ಕೆಳಗೆ ನೋಡುತ್ತೇನೆ, ಗೆರೆಯೊಳಗೆ ಒಂದು ಮೇಜಿನಲ್ಲಿ ನೀವು, ಪಕ್ಕದ ಮೇಜಿನಲ್ಲಿ ಬದರಿ. ಇಬ್ಬರೂ ಒಬ್ಬರಿಗೊಬ್ಬರು ಬೆನ್ನು ಹಾಕಿಕೊಂಡು ಕೂತಿದ್ದೀರಿ. ಹಾಲು ಉಕ್ಕಿದ್ದೂ ತಿಳಿಯಲಿಲ್ಲ. ಮಾರನೆಯ ದಿನವೂ ಹಾಗೆಯೇ. ಅದರ ಮಾರನೆಯ ದಿನವೂ. ಹೊರಡುವವರೆಗೂ ದಿನಾ ಸಂಜೆ ಅದೇ ಮೇಜು, ಅದೇ ಬೆನ್ನು. ಮೇಲೆ ಬಂದರೆ ಇಬ್ಬರೂ ಬೇರೆ ಬೇರೆ ಲಿಫ್ಟಿನಲ್ಲಿ ಬರುತ್ತಿದ್ದಿರಿ, ಒಂದು ಮಾತಿಲ್ಲ. ಅಷ್ಟು ದೊಡ್ಡವರಾಗಿ ಮಗುವಿನ ಮನೆಗೆ ಬಂದು ಮುಖ ತಿರುಗಿಸಿಕೊಂಡು ಕೂರುವ ಹಾಗೆ ಏನಾಯಿತು? ಸೇದುವುದನ್ನು ಕಂಡು ನೀವು ಅವರಿಗೆ ಬೈದಿರೋ? ನಿಮ್ಮನ್ನು ಕಂಡು ಅವರು ನಕ್ಕರೋ?

ಬದರಿಯನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಒಳ್ಳೆಯ ಹುಡುಗ. ತಪ್ಪು ನಿಮ್ಮದೇ ಇರಬೇಕೆಂದು ಅಂದುಕೊಂಡು ಬರೆಯುತ್ತಿದ್ದೇನೆ. ಉತ್ತರ ಬರುವವರೆಗೆ ನನಗೆ ಸಮಾಧಾನವಿಲ್ಲ.

ಕೌಸಲ್ಯಾ

---

ಅರಸೀಕೆರೆ
ಜೂನ್ 12, 2025

ಕೌಸಲ್ಯಾ,

ಜಗಳವಿಲ್ಲ. ಹೇಗೆ ಹೇಳುವುದೆಂದು ತಿಳಿಯದೆ ಸುಮ್ಮನಿದ್ದೆ. ಈಗ ಕೂತು ಬರೆಯುತ್ತೇನೆ, ಉದ್ದವಾದರೆ ಓದಿಕೋ.

ಅವತ್ತು ಊಟವಾದ ಮೇಲೆ ಮಲಗಿದವನಿಗೆ ಚೆನ್ನಾಗಿ ನಿದ್ದೆ ಹತ್ತಿತು. ಎದ್ದಾಗ ನೀನು ಮಗುವಿಗೆ ಎಣ್ಣೆ ತಿಕ್ಕುತ್ತಿದ್ದೆ. ಇನ್ನೂ ಹೊತ್ತಿದೆ ಎಂದುಕೊಂಡು ಹೋದೆ. ಬಿಸಿಲು ಅಲ್ಲಿ ಸಂಜೆಯವರೆಗೂ ಮಧ್ಯಾಹ್ನದ ಹಾಗೇ ಇರುತ್ತದೆ, ನನ್ನ ಲೆಕ್ಕ ತಪ್ಪಿತು. ಮೂಲೆಯ ಮೇಜಿನಲ್ಲಿ ಕೂತು ಸಿಗರೇಟು ಹಚ್ಚಿದೆ. ತಲೆ ಎತ್ತಿದರೆ ಪಕ್ಕದ ಮೇಜಿನಲ್ಲಿ ಅಳಿಯಂದಿರು. ಅವರೂ ಆಗಷ್ಟೇ ಹಚ್ಚಿ, ಫೋನು ನೋಡುತ್ತಿದ್ದವರು ತಲೆ ಎತ್ತಿದರು.

ನಮ್ಮೂರಾಗಿದ್ದರೆ ಇಬ್ಬರೂ ಓಡುತ್ತಿದ್ದೆವು. ಅವರು ಒಂದು ಸಂದಿಗೆ, ನಾನು ಇನ್ನೊಂದು ಸಂದಿಗೆ. ಯಾರೂ ಯಾರನ್ನೂ ನೋಡಲಿಲ್ಲ ಎಂದು ಆಗಿಹೋಗುತ್ತಿತ್ತು. ಅಲ್ಲಿ ಓಡುವುದೆಲ್ಲಿಗೆ? ಕೈಯಲ್ಲಿ ಹೊತ್ತಿಸಿದ್ದು, ಸುತ್ತ ಹಳದಿ ಗೆರೆ. ಆರಿಸಿಬಿಡೋಣವೆಂದರೆ ಬೂದಿ ಬಟ್ಟಲು ಇದ್ದದ್ದು ಅವರ ಮೇಜಿನ ಮೇಲೆ. ಅಳಿಯನ ಮುಂದೆ ಕೈ ಚಾಚಿ ಆರಿಸಬೇಕು. ನೆಲಕ್ಕೆ ಹಾಕಿದರೆ ಅದಕ್ಕೊಂದು ದಂಡ. ಏನೂ ತೋಚದೆ ಕುರ್ಚಿ ತಿರುಗಿಸಿ ಬೆನ್ನು ಹಾಕಿ ಕೂತೆ. ಹಿಂದೆ ಅವರ ಕುರ್ಚಿಯೂ ಎಳೆದ ಸದ್ದಾಯಿತು.

ಬೂದಿ ಉದ್ದವಾಗುತ್ತಾ ಬಂತು. ಕೊನೆಗೆ ನಾನೇ ಎದುರಿನ ಗೋಡೆಗೆ ಹೇಳಿದ ಹಾಗೆ ಕೇಳಿದೆ, "ಬಸ್ಸು ಬೇಗ ಬಂತಾ?"

"ಹೂಂ ಮಾವ. ಇವತ್ತು ಟ್ರಾಫಿಕ್ ಇರ್ಲಿಲ್ಲ." ಆಮೇಲೆ ಅವರು, "ನೀವು... ವಾಕಿಂಗಾ?"

"ಹೂಂ. ವಾಕಿಂಗು," ಎಂದೆ, ಕುರ್ಚಿಯಲ್ಲಿ ಕೂತುಕೊಂಡೇ.

ಹಿಂದಿನಿಂದ ಬೂದಿ ಬಟ್ಟಲು ಮೆಲ್ಲಗೆ ನನ್ನ ಮೇಜಿಗೆ ಸರಿದು ಬಂತು. ಕೈ ಮಾತ್ರ ಕಂಡಿತು, ಮುಖ ನೋಡಲಿಲ್ಲ.

ಮಾರನೆಯ ದಿನ ಹೋಗಬಾರದೆಂದೇ ಇದ್ದೆ. ಕಾಲು ಹೋಯಿತು. ನೋಡಿದರೆ ನನ್ನ ಮೇಜಿನ ಮೇಲೆ ಅದಾಗಲೇ ಒಂದು ಬಟ್ಟಲು, ಒಂದು ಲೋಟ ಕಾಫಿ. ಅಳಿಯಂದಿರು ಆಚೆ ಮುಖ ಮಾಡಿ ಕೂತಿದ್ದರು. ಆಮೇಲೆ ದಿನಾ ಅದೇ. ಬೆನ್ನು ಹಾಕಿ ಕೂತರೆ ಮಾತು ಬರುತ್ತದೆ ಎಂದು ನನಗೆ ಗೊತ್ತಿರಲಿಲ್ಲ, ಕೌಸಲ್ಯಾ. ಬಸ್ಸಿನಲ್ಲಿ ಹಿಂದಿನ ಸೀಟಿನವರು ಡ್ರೈವರನ ಹತ್ತಿರ ಎಲ್ಲ ಹೇಳಿಕೊಳ್ಳುವುದಿಲ್ಲವೇ, ಹಾಗೆ. ಅವರ ಕಾರ್ಖಾನೆಯ ಕೊಳವೆಗಳ ವಿಷಯ ಕೇಳಿದೆ. ಘಾಟಿಯಲ್ಲಿ ಬ್ರೇಕು ಬಿಸಿಯಾದರೆ ಏನು ಮಾಡಬೇಕೆಂದು ಹೇಳಿದೆ. ಅವರು ತುಂಬ ಕೇಳುತ್ತಾರೆ.

ಹೊರಡುವ ಹಿಂದಿನ ದಿನ ಅವರು ದ್ವಾರಕನಾಥರ ಮಾತು ತೆಗೆದರು. "ಅಪ್ಪನೂ ಸೇದ್ತಿದ್ರು ಮಾವ. ನಮಗೆಲ್ಲ ಗೊತ್ತಿತ್ತು. ನಮಗೆ ಗೊತ್ತಿಲ್ಲ ಅಂತ ಅವರು ಅಂದ್ಕೊಂಡಿದ್ರು."

ಹೆಣ್ಣು ನೋಡುವ ಶಾಸ್ತ್ರದಲ್ಲಿ ಎದುರು ಬದುರು ಕೂತು ನಾವಿಬ್ಬರೂ ಹೇಳಿದ ಸುಳ್ಳು ನೆನಪಾಗಿ ನನಗೆ ನಗು ಬಂತು. ಆದರೆ ಅವರು ನಗಲಿಲ್ಲ.

"ಕೊನೆಗೆ ಉಸಿರಾಡೋದೇ ಕಷ್ಟ ಆಯ್ತು ಅವರಿಗೆ. ಒಂದು ದಿನಾನೂ ಬಿಟ್ಬಿಡಿ ಅಪ್ಪಾ ಅನ್ನೋಕೆ ಆಗ್ಲಿಲ್ಲ. ಸೇದೋದೇ ಗೊತ್ತಿಲ್ಲ ಅಂತ ನಾಟಕ ಆಡ್ತಾ ಇರೋವಾಗ ಬಿಡಿ ಅಂತ ಹೇಗೆ ಹೇಳೋದು?"

ಆಮೇಲೆ ಬೆನ್ನ ಹಿಂದಿನಿಂದಲೇ ಅಂದರು, "ನೀವು ಬಿಟ್ಬಿಡಿ ಮಾವ."

ಮಗ ಪ್ರತಾಪನೂ ನನಗೆ ಇದುವರೆಗೆ ಹಾಗೆ ಹೇಳಿಲ್ಲ. ಅವನ ಮುಂದೆಯೂ ನಾನು ಸೇದುವುದಿಲ್ಲವಲ್ಲ. "ನೀವು?" ಎಂದು ಕೇಳಿದೆ. "ನಾನೂ," ಎಂದರು. ಅವತ್ತು ಇಬ್ಬರೂ ಹಚ್ಚಿದ್ದನ್ನು ಅರ್ಧಕ್ಕೇ ಆರಿಸಿ ಎದ್ದೆವು. ಲಿಫ್ಟು ಬೇರೆ ಬೇರೆ ಹತ್ತಿದ್ದು ಅಭ್ಯಾಸಬಲ.

ಇದಿಷ್ಟು. ನೀನು ಮೊದಲೇ ಎಲ್ಲ ತಿಳಿದಿದ್ದೆ ಎಂದು ನನಗೆ ಈಗ ಅನಿಸುತ್ತಿದೆ.

ಪದ್ಮನಾಭ

---

ಹೌಗಾಂಗ್
ಜೂನ್ 23, 2025

ಮೈಥಿಲಿಯ ಅಪ್ಪನಿಗೆ,

ಕಾಗದ ಅಡುಗೆಮನೆಯಲ್ಲಿ ನಿಂತೇ ಓದಿದೆ. ಕಣ್ಣು ಒರೆಸಿಕೊಂಡೆ. ಮೈಥಿಲಿ ಕೇಳಿದ್ದಕ್ಕೆ ಈರುಳ್ಳಿ ಎಂದೆ. ಅಡುಗೆಗೆ ಅವತ್ತು ಈರುಳ್ಳಿ ಇರಲಿಲ್ಲ, ಅವಳೂ ಮುಂದೆ ಕೇಳಲಿಲ್ಲ.

ತಿಳಿದಿತ್ತು ನನಗೆ. ನಿಮ್ಮದು ಅವರಿಗೆ ಹೇಳುವಂತಿಲ್ಲ, ಅವರದು ನಿಮಗೆ ಹೇಳುವಂತಿಲ್ಲ. ಇಬ್ಬರನ್ನೂ ಬೇರೆ ಬೇರೆ ಹೊತ್ತಿಗೆ ಕಳಿಸಿ ಮಾನ ಉಳಿಸುತ್ತೇನೆಂದು ಹೊರಟ ಬುದ್ಧಿವಂತೆ ನಾನು. ನಿಮ್ಮ ಮಧ್ಯಾಹ್ನದ ನಿದ್ದೆ ನನ್ನ ಬುದ್ಧಿಗಿಂತ ಒಳ್ಳೆಯ ಕೆಲಸ ಮಾಡಿದೆ. ಜಗಳವೆಂದುಕೊಂಡು ಉಕ್ಕಿಸಿದ ಹಾಲು ದಂಡವಾಯಿತು, ಅಷ್ಟೆ.

ಆದರೆ ಒಂದು ಹೇಳಬೇಕು. ನಾನು ಇಷ್ಟು ವರ್ಷ ಬಿಡಿ ಬಿಡಿ ಎಂದು ಕಿರುಚಿದ್ದು ನಿಮ್ಮ ಕಿವಿಗೆ ಕುಕ್ಕರ್ ಸೀಟಿಯ ಹಾಗೆ ಕೇಳಿಸಿತು. ಅಳಿಯ ಒಂದು ಸಲ ಮೆಲ್ಲಗೆ ಅಂದರೆ ಕಾಗದ ತುಂಬ ಬರೆಯುತ್ತೀರಿ. ಇರಲಿ. ಯಾರ ಮಾತಿಗಾದರೂ ಸರಿ.

ಇಲ್ಲಿಯ ಸಮಾಚಾರ. ಮೈಥಿಲಿ ಕೆಲಸಕ್ಕೆ ಹೋಗಲು ಶುರು ಮಾಡುತ್ತಾಳೆ, ನನ್ನ ವೀಸಾವನ್ನು ವರ್ಷದ ಕೊನೆಯವರೆಗೆ ಮುಂದುವರಿಸಿದ್ದಾರೆ. ಬದರಿ ಸಂಜೆ ಬಸ್ಸಿಳಿದವರು ಈಗ ಬೇಗ ಬರುತ್ತಾರೆ. ಏಲಕ್ಕಿ ಡಬ್ಬಿ ಖಾಲಿಯಾಗುವುದು ನಿಧಾನವಾಗಿದೆ. ಮೊನ್ನೆ ಮಗುವನ್ನು ಎತ್ತಿಕೊಂಡು ನನ್ನ ಪಕ್ಕದಲ್ಲಿ ನಿಂತು ಕೆಳಗಿನ ಮೂಲೆಯನ್ನು ನೋಡುತ್ತ ಅಂದರು: "ಮಾವ ಇಲ್ದೆ ಅಲ್ಲಿ ಕೂರೋಕೆ ಬೇಜಾರು ಅತ್ತೆ." ಆಮೇಲೆ ಕೇಳಿದರು, "ಮಾವ ಬಿಟ್ರಾ?"

ನನಗೆ ಗೊತ್ತಿಲ್ಲ ಎಂದೆ. ಡಿಸೆಂಬರಿನಲ್ಲಿ ಪ್ರಣತಿಗೆ ರಜ ಬರುತ್ತದೆ, ಆಗ ಮಾವ ಬಂದು ಹೆಚ್ಚು ದಿನ ಇರಲಿ ಎನ್ನುತ್ತಿದ್ದಾರೆ. ಈ ಸಲ ಬನ್ನಿ ಎಂದು ನಾನು ಹೇಳುವುದಿಲ್ಲ. ಕರೆಯುತ್ತಿರುವವರು ಅವರು, ಬಿಟ್ಟಿರಾ ಎಂದು ಕೇಳುತ್ತಿರುವವರೂ ಅವರು. ಎರಡಕ್ಕೂ ಉತ್ತರ ನೀವೇ ಬರೆಯಿರಿ, ನಾನು ಓದಿ ಹೇಳುತ್ತೇನೆ. ಸುಳ್ಳು ಬರೆದರೆ ನಾನು ಓದುವಾಗಲೇ ಗೊತ್ತಾಗುತ್ತದೆ.

ಕೌಸಲ್ಯಾ

---

ಅರಸೀಕೆರೆ
ಜುಲೈ 5, 2025

ಕೌಸಲ್ಯಾ,

ಸುಳ್ಳು ಬರೆಯುವುದಿಲ್ಲ. ಪೂರ್ತಿ ಬಿಟ್ಟಿಲ್ಲ. ಇದು ಒಂದೇ ಸಲ ಬ್ರೇಕು ಒತ್ತಿ ನಿಲ್ಲಿಸುವ ಗಾಡಿಯಲ್ಲ, ತುಂಬಿದ ಬಸ್ಸು. ಗೇರು ಇಳಿಸುತ್ತ ಇಳಿಸುತ್ತ ತರುತ್ತಿದ್ದೇನೆ. ಬೆಳಗಿನದು ನಿಂತಿದೆ. ಊಟದ ನಂತರದ್ದು ನಿಂತಿದೆ. ಸಂಜೆಯದು ಮಾತ್ರ ಉಳಿದಿದೆ. ಮೊನ್ನೆ ಪ್ರತಾಪನನ್ನು ಕರೆದು, ನಾನು ಬೀಡಿ ಸೇದುತ್ತೇನೆ ಎಂದು ಹೇಳಿದೆ. "ಗೊತ್ತು ಅಪ್ಪ," ಎಂದ. "ಬಿಡ್ತಾ ಇದೀನಿ," ಎಂದೆ. ಅಂಗಡಿಗೆ ಹೊರಟಿದ್ದವನು ಹೋಗದೆ ನನ್ನ ಪಕ್ಕದಲ್ಲಿ ಕೂತ.

ಅಳಿಯಂದಿರಿಗೆ ಇದನ್ನೆಲ್ಲ ಓದಿ ಹೇಳು. ಡಿಸೆಂಬರಿನ ಹೊತ್ತಿಗೆ ಗಾಡಿ ನಿಂತಿರುತ್ತದೆ. ಟಿಕೆಟ್ ಮಾಡಿಸಲಿ. ಸೇದಲು ಬರುವುದಿಲ್ಲ, ಅವರ ಜೊತೆ ಕೂರಲು ಬರುತ್ತೇನೆ.

ಪದ್ಮನಾಭ

---

ಹೌಗಾಂಗ್
ಜುಲೈ 16, 2025

ಮೈಥಿಲಿಯ ಅಪ್ಪನಿಗೆ,

ಓದಿ ಹೇಳಿದೆ. ಬದರಿ ಎರಡು ಸಲ ಓದಿಸಿದರು. ಆಮೇಲೆ ಅವರೇ ಕಾಗದ ಇಸಕೊಂಡು ತಾವೂ ಓದಿದರು, ನನ್ನ ಮೇಲೆ ಅಷ್ಟು ನಂಬಿಕೆ. ಟಿಕೆಟ್ ಆಗಿದೆ.

ಸೇದದೆ ಆ ಗೆರೆಯೊಳಗೆ ಕೂತು ಬೇರೆಯವರ ಹೊಗೆ ಕುಡಿಯುತ್ತೀರೇನು? ಹಳದಿ ಗೆರೆಯ ಈಚೆಗೂ ಆ ಕಾಫಿ ಶಾಪಿನಲ್ಲಿ ಬೇಕಾದಷ್ಟು ಮೇಜುಗಳಿವೆ, ಫ್ಯಾನಿನ ಕೆಳಗೆ. ನೀವಿಬ್ಬರೂ ಆ ಕಡೆ ತಿರುಗಿ ನೋಡಿಯೇ ಇಲ್ಲ. ನಾನು ನಿನ್ನೆ ಹೋಗಿ ಕೂತು ಟೀ ಕುಡಿದು ನೋಡಿದೆ. ಸಕ್ಕರೆ ಜಾಸ್ತಿ, ಗಾಳಿ ಚೆನ್ನಾಗಿದೆ.

ಅಲ್ಲಿ ಕೂರೋಣ. ಈ ಸಲ ನಾನೂ ಬರುತ್ತೇನೆ, ಕಿಟಕಿಯಲ್ಲಿ ನಿಂತು ನಿಂತು ಸಾಕಾಗಿದೆ. ನಿಮ್ಮಿಬ್ಬರ ಕುರ್ಚಿ ಎದುರು ಬದುರು ಹಾಕಿಸುತ್ತೇನೆ. ಮೊದಲ ದಿನ ಯಾರಿಗೂ ಮಾತು ಹೊರಡದಿದ್ದರೂ ಚಿಂತೆಯಿಲ್ಲ, ಅಷ್ಟು ಹೊತ್ತು ನಾನೇ ಮಾತಾಡುತ್ತಿರುತ್ತೇನೆ.

ನಿಮ್ಮ ಮನೆಯವಳು,
ಕೌಸಲ್ಯಾ